ಸಮುದ್ರ ಬಿಟ್ಟುಹೋದ ಊರು: ಮೊಯ್ನಾಕ್, ನುಕುಸ್, ಅರಲ್ ಕಡೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಜ್ಬೇಕಿಸ್ತಾನಕ್ಕೆ ಹೋಗಿಬಂದವರು ಈಗ ನಮ್ಮ ಪರಿಚಯದಲ್ಲೇ ಸಿಗುತ್ತಾರೆ. ತಾಷ್ಕೆಂಟ್, ಸಮರ್ಕಂದ್, ಬುಖಾರ ನೋಡುತ್ತಾರೆ. ರಜೆ ಇನ್ನೂ ಎರಡು ದಿನ ಉಳಿದಿದ್ದರೆ ಖಿವಾ ನೋಡುತ್ತಾರೆ. ಅಲ್ಲಿಗೆ ಎಲ್ಲರೂ ವಾಪಸ್. ಖಿವಾದಿಂದ ಮೂರು ಗಂಟೆ ಮುಂದೆ ಹೋದರೆ ನುಕುಸ್ ಇದೆ. ಅಲ್ಲಿಂದ ಇನ್ನು ಸುಮಾರು 200 ಕಿಲೋಮೀಟರ್ ಹೋದರೆ, ಮೊದಲು ಅರಲ್ ಸಮುದ್ರದ ದಡದಲ್ಲಿದ್ದ ಮೊಯ್ನಾಕ್. ನಾನು ಒಂದು ಅಕ್ಟೋಬರ್‌ನಲ್ಲಿ ಈ ಕಡೆ ಹೋಗಿಬಂದೆ. ಆಮೇಲೆ ಗೆಳೆಯರು, ನೆಂಟರು, ಆಫೀಸಿನವರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಖಿವಾದಲ್ಲೇ ತಿರುಗಿಕೊಳ್ಳಬೇಡಿ, ಇನ್ನು ನಾಲ್ಕು ದಿನ ಕೊಡಿ ಅಂತ ಕೇಳಿಕೊಳ್ಳುವುದಕ್ಕೇ ಇದನ್ನು ಬರೆದದ್ದು.

ಅಲ್ಲಿ ಏನಿದೆ ಅಂತ ಹೋಗಬೇಕು?

ತಾಷ್ಕೆಂಟ್‌ನಲ್ಲಿ ಒಬ್ಬ ಏಜೆಂಟ್ ನನಗೂ ಹೀಗೇ ಹೇಳಿದ್ದರು. "ಅಲ್ಲಿ ಏನೂ ಇಲ್ಲ, ಬರೀ ಮರಳು" ಅಂದರು. ಮರಳು ಇರುವುದು ನಿಜ. ಆದರೆ ಆ ಮರಳು ನಿನ್ನೆ ಮೊನ್ನೆಯವರೆಗೆ ಸಮುದ್ರದ ತಳ ಆಗಿತ್ತು. ಅದರ ಮೇಲೆ ಮೀನುಗಾರಿಕೆ ಹಡಗುಗಳು ನಿಂತಿವೆ. ಅದೇ ಸೀಮೆಯಲ್ಲಿ, ಹೊರಗಿನವರು ಹೆಸರೇ ಕೇಳದ ಒಂದು ಊರಿನಲ್ಲಿ, ಸೋವಿಯತ್ ಕಾಲದಲ್ಲಿ ಅಡಗಿಸಿಟ್ಟು ಉಳಿಸಿದ ಸಾವಿರಾರು ಚಿತ್ರಗಳ ಮ್ಯೂಸಿಯಂ ಇದೆ. ದಾರಿಯಲ್ಲಿ ಎರಡು ಸಾವಿರ ವರ್ಷ ಹಳೆಯ ಮಣ್ಣಿನ ಕೋಟೆಗಳಿವೆ. ಟಿಕೆಟ್‌ಗೆ ಸಾಲು ನಿಲ್ಲುವ ಗೋಳಿಲ್ಲ. ಕೋಟೆಯ ಮೇಲೆ ಒಂದು ಗಂಟೆ ನಾನೊಬ್ಬನೇ ಕೂತಿದ್ದೆ.

ಈ ಪ್ರದೇಶದ ಹೆಸರು ಕರಕಲ್ಪಾಕಸ್ತಾನ. ಉಜ್ಬೇಕಿಸ್ತಾನದ ಪಶ್ಚಿಮದ ಅಂಚಿನಲ್ಲಿದೆ. ದೇಶದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೆಲ ಇದರದ್ದೇ. ಇಲ್ಲಿನ ಜನರಿಗೆ ತಮ್ಮದೇ ಭಾಷೆ ಇದೆ, ಅದು ಉಜ್ಬೆಕ್‌ಗಿಂತ ಕಜಕ್ ಭಾಷೆಗೆ ಹತ್ತಿರ. ಕರಕಲ್ಪಾಕ್ ಅಂದರೆ ಕರಿ ಟೋಪಿಯವರು. ಅವರ ಭಾಷೆಯಲ್ಲಿ "ಕರ" ಅಂದರೆ ಕಪ್ಪು. ನಮ್ಮ "ಕರಿ"ಯ ಹಾಗೇ ಕೇಳಿಸುತ್ತದೆ ಅಲ್ವಾ? ಎರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕೇಳಿದಾಗ ಖುಷಿಯಾಯಿತು.

ಅರಲ್ ನಿಜವಾಗಿ ಸಮುದ್ರವಾ?

ಅಲ್ಲ, ಅದೊಂದು ದೊಡ್ಡ ಸರೋವರ. ಸುತ್ತಲೂ ನೆಲ. ಅಮು ದರ್ಯಾ, ಸಿರ್ ದರ್ಯಾ ಅನ್ನುವ ಎರಡು ನದಿಗಳು ಬಂದು ಸೇರುತ್ತಿದ್ದವು, ನೀರು ಹೊರಗೆ ಹೋಗುವ ದಾರಿ ಇರಲಿಲ್ಲ. 1960ರಲ್ಲಿ ಅದರ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್. ಇಡೀ ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಜಗತ್ತಿನ ನಾಲ್ಕನೇ ಅತಿ ದೊಡ್ಡ ಸರೋವರ ಅದು. ಈಗ ಉಳಿದಿರುವುದು ಅದರಲ್ಲಿ ಹತ್ತನೇ ಒಂದು ಭಾಗದಷ್ಟು.

ಅಷ್ಟು ನೀರು ಎಲ್ಲಿಗೆ ಹೋಯಿತು?

ಹತ್ತಿಗೆ ಹೋಯಿತು.

ಮಾಸ್ಕೋದ ಸರ್ಕಾರಕ್ಕೆ ಮಧ್ಯ ಏಷ್ಯಾದಲ್ಲಿ ಹತ್ತಿ ಬೇಕಾಗಿತ್ತು. ಅದನ್ನು ಬಿಳಿ ಚಿನ್ನ ಅಂತ ಕರೆಯುತ್ತಿದ್ದರು. ಎರಡೂ ನದಿಗಳಿಗೆ ಕಾಲುವೆ ತೋಡಿದರು. 1954ರಲ್ಲಿ ಶುರುವಾದ ಕರಾಕುಂ ಕಾಲುವೆ ಒಂದೇ 1,300 ಕಿಲೋಮೀಟರ್‌ಗಿಂತ ಉದ್ದ. ಮಣ್ಣಿನ ಕಾಲುವೆ, ಮರಳುಗಾಡಿನ ನಡುವೆ. ಎಷ್ಟೋ ನೀರು ಹೊಲಕ್ಕೆ ಮುಟ್ಟುವ ಮುಂಚೆಯೇ ಇಂಗಿಹೋಗುತ್ತಿತ್ತು. 1960ರ ನಂತರ ಸಮುದ್ರಕ್ಕೆ ಬಂದು ಬೀಳುವ ನೀರು ವರ್ಷ ವರ್ಷ ಕಡಿಮೆಯಾಯಿತು. 1980ರ ದಶಕದ ಕೊನೆಗೆ ಸಮುದ್ರ ಉತ್ತರ, ದಕ್ಷಿಣ ಅಂತ ಎರಡು ತುಂಡಾಯಿತು. 2014ರಲ್ಲಿ ದಕ್ಷಿಣದ ಪೂರ್ವ ಭಾಗ ಪೂರ್ತಿ ಒಣಗಿತು. ನೀರಿದ್ದ ಜಾಗಕ್ಕೆ ಈಗ ಅರಲ್‌ಕುಂ ಅನ್ನುತ್ತಾರೆ, ಅಂದರೆ ಅರಲ್ ಮರಳುಗಾಡು.

ನಮ್ಮೂರು ಸಿಂಧನೂರು ಕಡೆ. ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಭತ್ತ ಬೆಳೆದ ಮನೆ. ಹಾಗಾಗಿ ನುಕುಸ್‌ನಿಂದ ಮೊಯ್ನಾಕ್‌ಗೆ ಹೋಗುವಾಗ ನನ್ನ ಕಣ್ಣು ಹಡಗಿಗಿಂತ ಮುಂಚೆ ಹೊಲದ ಮೇಲೆ ಬಿತ್ತು. ಬದುವಿನ ಪಕ್ಕ, ತಗ್ಗಿನಲ್ಲಿ, ಎಲ್ಲ ಕಡೆ ಬೆಳ್ಳಗೆ ಸುಣ್ಣ ಬಳಿದ ಹಾಗೆ. ಕಾರು ನಿಲ್ಲಿಸಿ ಇಳಿದೆ. ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಚರ್ ಅನ್ನುತ್ತದೆ, ಕೆಳಗೆ ಮಣ್ಣು ಮೆತ್ತಗೆ. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟೆ. ಉಪ್ಪು. ನಮ್ಮ ಕಡೆ ಇದಕ್ಕೆ ಚೌಳು ಅಂತೀವಿ. ಇಲಾಖೆಯವರು ಸವಳು-ಜವಳು ಅನ್ನುತ್ತಾರೆ. ಜಾಸ್ತಿ ನೀರು ಕಟ್ಟಿ, ಬಸಿದು ಹೋಗುವ ದಾರಿ ಮಾಡದೆ ಇದ್ದರೆ ನೆಲದ ಉಪ್ಪು ಮೇಲೆ ಬರುತ್ತದೆ. ಅಲ್ಲಿನ ರೈತರು ಬಿತ್ತುವ ಮುಂಚೆ ಹೊಲಕ್ಕೆ ನೀರು ಬಿಟ್ಟು ಉಪ್ಪು ತೊಳೆಯುತ್ತಾರೆ. ಅದಕ್ಕೆ ಮತ್ತಷ್ಟು ನೀರು ಬೇಕು. ಆ ನೀರೂ ನದಿಯದ್ದೇ.

ನಮ್ಮ ಅಪ್ಪನಿಗೆ ಆ ಹೊಲದ ಫೋಟೋ ಕಳಿಸಿದೆ. "ಇದು ಯಾರ ಹೊಲ, ನಮ್ಮ ಕೆಳಗಿನದ್ದಾ?" ಅಂತ ಕೇಳಿದರು.

ಮೊಯ್ನಾಕ್‌ನಲ್ಲಿ ನೋಡುವುದು ಏನು?

ಮೊಯ್ನಾಕ್ ಬಂದರು ಪಟ್ಟಣವಾಗಿತ್ತು. ಮೀನು ಹಿಡಿಯುವುದು, ಡಬ್ಬಿಗೆ ತುಂಬುವುದು, ಇವೆರಡೇ ಊರಿನ ಕೆಲಸ. ನೀರು ಹಿಂದೆ ಸರಿಯುತ್ತಾ ಹೋದಾಗ ಹಡಗುಗಳಿಗಾಗಿ ಕಾಲುವೆ ತೋಡಿದರು. ನೀರು ಇನ್ನೂ ಸರಿಯಿತು, ಕಾಲುವೆಯನ್ನು ಇನ್ನೂ ಉದ್ದ ಮಾಡಿದರು. ಕೊನೆಗೆ ಕೈಬಿಟ್ಟರು. ಮೀನು ಮುಗಿದ ಮೇಲೂ ಫ್ಯಾಕ್ಟರಿ ಮುಚ್ಚಬಾರದು ಅಂತ ಸಾವಿರಾರು ಕಿಲೋಮೀಟರ್ ದೂರದ ಬೇರೆ ಸಮುದ್ರಗಳಿಂದ ಹೆಪ್ಪುಗಟ್ಟಿಸಿದ ಮೀನು ತರಿಸಿ ಡಬ್ಬಿಗೆ ತುಂಬುತ್ತಿದ್ದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಅದೂ ನಿಂತುಹೋಯಿತು.

ಊರಂಚಿನಲ್ಲಿ ಒಂದು ದಿಬ್ಬ ಇದೆ. ಮೊದಲು ಅದೇ ದಡ. ಅಲ್ಲಿ ನಿಂತು ನೋಡಿದರೆ ಕೆಳಗೆ ಮರಳಿನಲ್ಲಿ ಹತ್ತು ಹನ್ನೆರಡು ಹಡಗುಗಳು ಸಾಲಾಗಿ ನಿಂತಿವೆ. ಬೇರೆ ಬೇರೆ ಕಡೆ ಬಿದ್ದಿದ್ದವನ್ನು ಎಳೆದು ತಂದು ನಿಲ್ಲಿಸಿದ್ದಾರೆ. ಉಳಿದ ಎಷ್ಟೋ ಹಡಗುಗಳು ಗುಜರಿಗೆ ಹೋದವು. ಮೆಟ್ಟಿಲಿಳಿದು ಹತ್ತಿರ ಹೋಗಿ. ತುಕ್ಕು ಹಿಡಿದ ತಗಡು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಎದ್ದಿದೆ. ಗಾಳಿ ಬೀಸಿದಾಗ ಒಳಗೆಲ್ಲೋ ಒಂದು ತುಂಡು ಟಣ್ ಟಣ್ ಅಂತ ಬಡಿಯುತ್ತಿರುತ್ತದೆ. ಹಡಗಿನ ನೆರಳಿನಲ್ಲಿ ಮೇಕೆಗಳು ಮಲಗಿದ್ದವು. ಕಾಲ ಕೆಳಗೆ ನೋಡಿದರೆ ಮರಳಿನ ಜೊತೆ ಚಿಕ್ಕ ಚಿಕ್ಕ ಬಿಳಿ ಕಪ್ಪೆಚಿಪ್ಪು. ಬೆರಳ ಉಗುರಿನಷ್ಟೇ ದೊಡ್ಡವು. ನೀರಿನ ಸುಳಿವೇ ಇಲ್ಲದ ಕಡೆ, ಕಣ್ಣು ಹಾಯಿಸಿದಷ್ಟು ದೂರ ಕಪ್ಪೆಚಿಪ್ಪು.

ಪಕ್ಕದಲ್ಲೇ ಒಂದು ಸಣ್ಣ ಮ್ಯೂಸಿಯಂ ಇದೆ. ಹಳೆಯ ಫೋಟೋಗಳು, ಮೀನಿನ ಡಬ್ಬಿಗಳು, ನೀರು ತುಂಬಿದ ಬಂದರಿನ ಪೇಂಟಿಂಗ್‌ಗಳು. ಮೊದಲು ಮ್ಯೂಸಿಯಂ ನೋಡಿ, ಆಮೇಲೆ ಹಡಗಿನ ಹತ್ತಿರ ಇಳಿಯಿರಿ. ನಾನು ತಿರುವುಮುರುವು ಮಾಡಿದೆ, ಹಾಗಾಗಿ ಮತ್ತೆ ಒಂದು ಸಲ ಇಳಿಯಬೇಕಾಯಿತು.

ಇನ್ನೊಬ್ಬರ ಕಷ್ಟವನ್ನು ನೋಡುವುದಕ್ಕೆ ಟೂರ್ ಹೋಗುವುದು ಸರಿನಾ?

ನನ್ನ ತಂಗಿ ಕೇಳಿದ ಪ್ರಶ್ನೆ ಇದು. ಬಹಳ ದಿನ ಯೋಚನೆ ಮಾಡಿದ್ದೇನೆ. ಹೋಗಬೇಕು ಅನ್ನುವುದೇ ನನ್ನ ಉತ್ತರ, ಆದರೆ ಹೋಗುವ ರೀತಿ ಮುಖ್ಯ. ಬೆಳಿಗ್ಗೆ ನುಕುಸ್‌ನಿಂದ ಹೊರಟು, ಹಡಗಿನ ಮೇಲೆ ಹತ್ತಿ ಸೆಲ್ಫಿ ತೆಗೆದು, ಸಂಜೆಗೆ ವಾಪಸ್ ಬಂದರೆ ಮೊಯ್ನಾಕ್‌ಗೆ ನಿಮ್ಮಿಂದ ಒಂದು ಪೈಸೆ ಸಿಗುವುದಿಲ್ಲ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಗೆಸ್ಟ್‌ಹೌಸ್‌ಗಳಿವೆ. ಅಲ್ಲೇ ಊಟ ಮಾಡಿ, ಅಲ್ಲಿನ ಡ್ರೈವರನ್ನು ಕರೆದುಕೊಳ್ಳಿ.

ಹಡಗಿನ ಮೇಲೆ ಹತ್ತಬೇಡಿ. ತಗಡು ಮುರಿಯುತ್ತದೆ, ಕಾಲೂ ಕೊಯ್ಯುತ್ತದೆ. ಹೆಸರು ಕೆತ್ತಬೇಡಿ. ಮನೆಗಳ, ಮಕ್ಕಳ ಫೋಟೋ ತೆಗೆಯುವ ಮುಂಚೆ ಕೇಳಿ. ಇನ್ನೊಂದು ವಿಷಯ. ಅಲ್ಲಿ ಸಾವಿರಾರು ಜನ ಈಗಲೂ ಬದುಕುತ್ತಿದ್ದಾರೆ. ಶಾಲೆ ಇದೆ, ಅಂಗಡಿ ಇದೆ, ಮದುವೆ ಆಗುತ್ತದೆ. ಸತ್ತ ಊರು ಅಂತ ಮುಖದ ಮೇಲೆ ಹೇಳಬೇಡಿ. ಗೆಸ್ಟ್‌ಹೌಸಿನ ಅಕ್ಕನಿಗೆ ನಾನು ಸಮುದ್ರದ ಬಗ್ಗೆಯೇ ಕೇಳುತ್ತಾ ಕೂತಿದ್ದೆ. ಸ್ವಲ್ಪ ಹೊತ್ತು ಉತ್ತರ ಕೊಟ್ಟು, ಆಮೇಲೆ ಫೋನ್ ತೆಗೆದು ಮಗಳ ಮದುವೆಯ ವಿಡಿಯೋ ತೋರಿಸಿದರು. ಅರ್ಧ ಗಂಟೆ ನೋಡಿದೆವು.

ಈಗಿನ ಸಮುದ್ರದ ದಡದವರೆಗೆ ಹೋಗಬಹುದಾ?

ಹೋಗಬಹುದು, ಆದರೆ ಸ್ವಂತವಾಗಿ ಬೇಡ. ಮೊಯ್ನಾಕ್‌ನಿಂದ ನೀರು ನೂರು ಕಿಲೋಮೀಟರ್‌ಗಿಂತ ದೂರ ಇದೆ. ದಾರಿ ಅಂತ ಇಲ್ಲ, ಬರೀ ಗಾಲಿಯ ಗುರುತು. ಫೋನ್ ಸಿಗ್ನಲ್ ಇಲ್ಲ. ಜೀಪ್ ಮತ್ತು ದಾರಿ ಗೊತ್ತಿರುವ ಡ್ರೈವರ್ ಬೇಕೇ ಬೇಕು. ಸಾಮಾನ್ಯವಾಗಿ ಎರಡು ದಿನದ ಪ್ರಯಾಣ. ಒಂದು ಕಡೆಯಿಂದ ಉಸ್ತ್ಯುರ್ತ್ ಪ್ರಸ್ಥಭೂಮಿಯ ಮೇಲೆ ಹೋಗಿ, ವಾಪಸ್ ಬರುವಾಗ ಒಣಗಿದ ಸಮುದ್ರದ ತಳದಲ್ಲಿ ಬರುತ್ತಾರೆ. ರಾತ್ರಿ ದಡದ ಹತ್ತಿರ ಯುರ್ತ್‌ನಲ್ಲಿ ಮಲಗುವುದು. ಯುರ್ತ್ ಅಂದರೆ ಕಂಬಳಿ ಹೊದಿಸಿದ ದುಂಡಗಿನ ಡೇರೆ, ಒಳಗೆ ಬೆಚ್ಚಗಿರುತ್ತದೆ.

ಉಳಿದಿರುವ ಈ ನೀರು ತುಂಬಾ ಉಪ್ಪು. 1960ರಲ್ಲಿ ಒಂದು ಲೀಟರಿನಲ್ಲಿ ಸುಮಾರು 10 ಗ್ರಾಂ ಉಪ್ಪಿತ್ತು. ಈಗ 100 ಗ್ರಾಂಗಿಂತ ಜಾಸ್ತಿ. ನಮ್ಮ ಅರಬ್ಬಿ ಸಮುದ್ರದಲ್ಲೇ ಇರುವುದು ಸುಮಾರು 35 ಗ್ರಾಂ. ಮೀನು ಬದುಕುವುದಿಲ್ಲ, ಒಂದು ಜಾತಿಯ ಪುಟ್ಟ ಸೀಗಡಿ ಮಾತ್ರ ಇದೆ. ನೀರಿಗಿಳಿದರೆ ಸುಲಭವಾಗಿ ತೇಲುತ್ತೀರಿ. ದಡದಲ್ಲಿ ಮೊಣಕಾಲಿನವರೆಗೆ ಕೆಸರು, ಹಳೆಯ ಚಪ್ಪಲಿ ಹಾಕಿಕೊಳ್ಳಿ. ಮೈ ತೊಳೆಯುವುದಕ್ಕೆ ಎರಡು ಬಾಟಲಿ ಸಿಹಿನೀರು ಇಟ್ಟುಕೊಳ್ಳಿ, ಇಲ್ಲದಿದ್ದರೆ ರಾತ್ರಿಯೆಲ್ಲ ಮೈ ಕೆರೆಯುತ್ತದೆ.

ಹಳೆಯ ವೊಜ್ರೊಜ್ದೇನಿಯ ದ್ವೀಪದ ಕಡೆ ಕರೆದುಕೊಂಡು ಹೋಗುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸೋವಿಯತ್ ಸೇನೆ ಅಲ್ಲಿ ರೋಗಾಣು ಅಸ್ತ್ರಗಳನ್ನು ಪರೀಕ್ಷೆ ಮಾಡುತ್ತಿತ್ತು. ಹೂತಿಟ್ಟಿದ್ದ ಆಂಥ್ರಾಕ್ಸನ್ನು 2002ರಲ್ಲಿ ನಾಶ ಮಾಡಿದ್ದಾರೆ. ಆದರೂ ಸುಮ್ನೆ ಯಾಕೆ?

ಸಮುದ್ರ ಮತ್ತೆ ತುಂಬುತ್ತದಾ?

ಉತ್ತರದ ತುಂಡು ಸ್ವಲ್ಪ ತುಂಬಿದೆ. ಅದು ಕಜಕಿಸ್ತಾನದಲ್ಲಿದೆ. 2005ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಕೊಕ್-ಅರಲ್ ಅನ್ನುವ ಅಣೆಕಟ್ಟು ಕಟ್ಟಿ ಸಿರ್ ದರ್ಯಾ ನೀರನ್ನು ಅಲ್ಲೇ ನಿಲ್ಲಿಸಿದರು. ನೀರು ಏರಿತು, ಉಪ್ಪು ಇಳಿಯಿತು, ಮೀನು ವಾಪಸ್ ಬಂತು. ದಕ್ಷಿಣದ ಭಾಗಕ್ಕೆ ಅಂಥ ಭಾಗ್ಯ ಇಲ್ಲ. ಅಲ್ಲಿ ಈಗ ಒಣಗಿದ ತಳದಲ್ಲಿ ಸಾಕ್ಸಾವುಲ್ ಅನ್ನುವ ಮರುಭೂಮಿಯ ಗಿಡ ನೆಡುತ್ತಿದ್ದಾರೆ. ಬೇರು ಮರಳನ್ನು ಹಿಡಿದಿಟ್ಟುಕೊಂಡರೆ ಉಪ್ಪಿನ ದೂಳು ಏಳುವುದು ಕಡಿಮೆಯಾಗುತ್ತದೆ. ಜೀಪಿನಲ್ಲಿ ಹೋಗುವಾಗ ಕಾಣಿಸುತ್ತವೆ, ಸಾಲು ಸಾಲು, ನೋಡುವುದಕ್ಕೆ ಒಣ ಪೊರಕೆಯ ಹಾಗೆ. ಹತ್ತಿರ ಹೋಗಿ ನೋಡಿದರೆ ತುದಿಯಲ್ಲಿ ಹಸಿರು.

ನುಕುಸ್ ಮ್ಯೂಸಿಯಂ ಬಗ್ಗೆ ಇಷ್ಟು ಯಾಕೆ ಹೇಳುತ್ತೀರಿ?

ಕರಕಲ್ಪಾಕಸ್ತಾನದಲ್ಲಿ ಒಂದೇ ಜಾಗ ನೋಡಲು ಸಮಯ ಇದೆ ಅಂದರೆ ನಾನು ಹಡಗು ಬಿಟ್ಟು ಇದನ್ನೇ ನೋಡಿ ಅನ್ನುತ್ತೇನೆ.

ಇಗೋರ್ ಸವಿತ್ಸ್ಕಿ ಅನ್ನುವವರು 1915ರಲ್ಲಿ ಕೀವ್‌ನಲ್ಲಿ ಹುಟ್ಟಿದರು. 1950ರಲ್ಲಿ ಈ ಕಡೆಯ ಹಳೆಯ ಕೋಟೆಗಳ ಉತ್ಖನನಕ್ಕೆ ಚಿತ್ರ ಬರೆಯುವವರಾಗಿ ಬಂದರು. ಮರುಭೂಮಿ ಅವರನ್ನು ಹಿಡಿದುಕೊಂಡಿತು. ಮಾಸ್ಕೋ ಬಿಟ್ಟು ನುಕುಸ್‌ನಲ್ಲೇ ಉಳಿದರು. ಮೊದಲು ಹಳ್ಳಿ ಹಳ್ಳಿ ತಿರುಗಿ ಕರಕಲ್ಪಾಕ್ ಹೆಂಗಸರ ಒಡವೆ, ಕಸೂತಿ, ಯುರ್ತ್‌ನ ನೇಯ್ಗೆ ಪಟ್ಟಿಗಳನ್ನು ಸೇರಿಸಿದರು. ಜನ ಅವನ್ನು ಹಳೇ ಸಾಮಾನು ಅಂತ ಎಸೆಯುತ್ತಿದ್ದ ಕಾಲ ಅದು. 1966ರಲ್ಲಿ ಮ್ಯೂಸಿಯಂ ಶುರುವಾಯಿತು. ಅದೇ ವರ್ಷ ಜನವರಿಯಲ್ಲಿ ತಾಷ್ಕೆಂಟ್‌ನಲ್ಲಿ ನಮ್ಮ ಶಾಸ್ತ್ರೀಜಿ ತೀರಿಕೊಂಡದ್ದು.

ಆಮೇಲೆ ಸವಿತ್ಸ್ಕಿ ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿದರು. ಸ್ಟಾಲಿನ್ ಕಾಲದಲ್ಲಿ ಸರ್ಕಾರಕ್ಕೆ ಒಪ್ಪಿಗೆಯಾಗದ ರೀತಿಯಲ್ಲಿ ಚಿತ್ರ ಬರೆದವರಿಗೆ ಪ್ರದರ್ಶನ ಇಲ್ಲ, ಕೆಲಸ ಇಲ್ಲ. ಕೆಲವರನ್ನು ಸೆರೆಶಿಬಿರಕ್ಕೆ ಕಳಿಸಿದರು. ಅವರ ಚಿತ್ರಗಳು ಅಟ್ಟದ ಮೇಲೆ, ಮಂಚದ ಕೆಳಗೆ ಸುರುಳಿ ಸುತ್ತಿ ಬಿದ್ದಿದ್ದವು. ಸವಿತ್ಸ್ಕಿ ಮಾಸ್ಕೋಗೆ ಹೋಗಿ ಆ ಕಲಾವಿದರ ಹೆಂಡತಿಯರನ್ನು, ಮಕ್ಕಳನ್ನು ಹುಡುಕಿ, ಇರುವಷ್ಟು ದುಡ್ಡು ಕೊಟ್ಟು, ಉಳಿದದ್ದಕ್ಕೆ ಸಾಲದ ಚೀಟಿ ಬರೆದುಕೊಟ್ಟು ತರುತ್ತಿದ್ದರು. ರೈಲಿನಲ್ಲಿ ಸುರುಳಿ ಸುರುಳಿ ಹೊತ್ತು ತಂದರು. ನುಕುಸ್ ಅಷ್ಟು ದೂರ ಇದ್ದದ್ದೇ ಒಳ್ಳೆಯದಾಯಿತು. ಅಲ್ಲಿಯವರೆಗೆ ಬಂದು ನೋಡುವ ಅಧಿಕಾರಿಗಳು ಅಪರೂಪ. ನದೇಜ್ದಾ ಬೊರೊವಾಯ ಅನ್ನುವ ಹೆಣ್ಣುಮಗಳು ಸೋವಿಯತ್ ಸೆರೆಶಿಬಿರದಲ್ಲಿ ಗುಟ್ಟಾಗಿ ಬರೆದ ರೇಖಾಚಿತ್ರಗಳು ಇಲ್ಲಿವೆ. ಅವನ್ನು ನಾಜಿಗಳ ಶಿಬಿರದ ಚಿತ್ರಗಳು ಅಂತ ಹೇಳಿ ಸರ್ಕಾರದ ದುಡ್ಡಿನಲ್ಲೇ ಕೊಂಡರಂತೆ.

ಈಗ ಅಲ್ಲಿ 80 ಸಾವಿರಕ್ಕೂ ಜಾಸ್ತಿ ವಸ್ತುಗಳಿವೆ. ಆ ಕಾಲದ ರಷ್ಯನ್ ಹೊಸಬಗೆಯ ಚಿತ್ರಗಳ ಸಂಗ್ರಹದಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಬಿಟ್ಟರೆ ಇದೇ ದೊಡ್ಡದು ಅನ್ನುತ್ತಾರೆ. ಲಿಸೆಂಕೊ ಅನ್ನುವ ಕಲಾವಿದ ಬರೆದ ಗೂಳಿಯ ಚಿತ್ರದ ಮುಂದೆ ನಿಲ್ಲಿ. ಅದರ ಕಣ್ಣು ಎರಡು ಬಂದೂಕಿನ ನಳಿಗೆಯ ಹಾಗೆ ನಿಮ್ಮನ್ನೇ ನೋಡುತ್ತದೆ. ನಾನು ಮೂರು ಸಲ ಆ ಕೋಣೆಗೆ ವಾಪಸ್ ಹೋದೆ. ಕಲೆ ನನಗೆ ಅರ್ಥವಾಗುವುದಿಲ್ಲ ಅನ್ನುವವರೂ ಅರ್ಧ ದಿನ ಇಟ್ಟುಕೊಳ್ಳಿ. ಸವಿತ್ಸ್ಕಿ 1984ರಲ್ಲಿ ತೀರಿಕೊಂಡರು. ಸಮಾಧಿ ನುಕುಸ್‌ನಲ್ಲೇ ಇದೆ.

ಖಿವಾದಿಂದ ನುಕುಸ್‌ಗೆ ಹೋಗುವ ದಾರಿಯಲ್ಲಿ ನಿಲ್ಲಬೇಕಾ?

ನಿಲ್ಲಿ. ಬಾಡಿಗೆ ಕಾರಾದರೆ ಡ್ರೈವರ್‌ಗೆ ಮುಂಚೆಯೇ ಹೇಳಿ ಅಯಾಜ್ ಕಲಾ, ತೋಪ್ರಾಕ್ ಕಲಾ ಎರಡನ್ನೂ ಸೇರಿಸಿಕೊಳ್ಳಿ. ಕಲಾ ಅಂದರೆ ಕೋಟೆ, ನಮ್ಮ ಕಿಲ್ಲಾ. ಎರಡೂ ಮಣ್ಣಿನ ಕೋಟೆಗಳು. ತೋಪ್ರಾಕ್ ಕಲಾ ಕುಶಾನರ ಕಾಲದ್ದು. ಅಯಾಜ್ ಕಲಾ ಗುಡ್ಡದ ಮೇಲಿದೆ, ಹತ್ತುವುದಕ್ಕೆ ಹದಿನೈದು ನಿಮಿಷ ಸಾಕು. ಸಂಜೆ ನಾಲ್ಕರ ಮೇಲೆ ಹೋದರೆ ಬಿಸಿಲಿಗೆ ಗೋಡೆಯೆಲ್ಲ ಬೆಲ್ಲದ ಬಣ್ಣ. ನುಕುಸ್ ಹತ್ತಿರ ಚಿಲ್ಪಿಕ್ ಅನ್ನುವ ದುಂಡು ಗೋಪುರವೂ ಇದೆ. ಜರತುಷ್ಟ್ರನ ಧರ್ಮದವರು ಸತ್ತವರ ದೇಹ ಇಡುತ್ತಿದ್ದ ಜಾಗ ಅದು. ಮುಂಬೈಯ ಪಾರ್ಸಿಗಳ ದಖ್ಮಾ ಬಗ್ಗೆ ಕೇಳಿದ್ದವರಿಗೆ ಗೊತ್ತಾಗುತ್ತದೆ.

ಆ ಕಡೆಗೂ ನಮ್ಮ ಕರ್ನಾಟಕಕ್ಕೂ ಏನಾದರೂ ನಂಟು ಇದೆಯಾ?

ಇದೆ. ನನಗೆ ಗೊತ್ತಾದಾಗ ಮೈ ಜುಮ್ಮೆಂದಿತು. ಅದೇ ದಾರಿಯಲ್ಲಿ ಬೆರೂನಿ ಅಂತ ಒಂದು ಊರು ಸಿಗುತ್ತದೆ. ಹಳೆಯ ಹೆಸರು ಕಾಥ್. 973ರಲ್ಲಿ ಅಲ್ ಬಿರೂನಿ ಅನ್ನುವ ವಿದ್ವಾಂಸರು ಹುಟ್ಟಿದ್ದು ಅಲ್ಲೇ. ಮಹಮದ್ ಘಜ್ನಿ ಆ ಸೀಮೆಯನ್ನು ಗೆದ್ದ ಮೇಲೆ ಬಿರೂನಿಯನ್ನೂ ಕರೆದೊಯ್ದ. ಬಿರೂನಿ ಸಂಸ್ಕೃತ ಕಲಿತು, 1030ರ ಸುಮಾರಿಗೆ ಭಾರತದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಅದರಲ್ಲಿ ಭಾರತದ ಲಿಪಿಗಳ ಪಟ್ಟಿ ಇದೆ. ಕರ್ನಾಟ ದೇಶದಲ್ಲಿ ಬಳಸುವ ಕರ್ನಾಟ ಲಿಪಿ ಅಂತ ಅದರಲ್ಲಿ ಹೇಳಿದ್ದಾರೆ. ಸೈನ್ಯಗಳಲ್ಲಿ ಕನ್ನರ ಅಂತ ಕರೆಯುವ ಪಡೆಯವರು ಆ ದೇಶದಿಂದಲೇ ಬರುವುದು ಅಂತಲೂ ಬರೆದಿದ್ದಾರೆ. ನೀವು ಈಗ ಓದುತ್ತಿರುವ ಈ ಲಿಪಿಯ ಬಗ್ಗೆ ಸಾವಿರ ವರ್ಷದ ಹಿಂದೆ ಬರೆದವರು ಆ ಊರಿನವರು.

ಬೆಂಗಳೂರಿನ ಸಾಫ್ಟ್‌ವೇರ್ ಜನಕ್ಕೆ ಇನ್ನೊಂದು. ಅಲ್ಗಾರಿದಮ್ ಅನ್ನುವ ಪದ ಬಂದದ್ದು ಅಲ್ ಖ್ವಾರಿಜ್ಮಿ ಅನ್ನುವ ಗಣಿತಜ್ಞರ ಹೆಸರಿನಿಂದ. ಖ್ವಾರಿಜ್ಮ್ ಅಂದರೆ ಇದೇ ಸೀಮೆ. ಖಿವಾದ ಕೋಟೆ ಬಾಗಿಲ ಹೊರಗೆ ಅವರ ಪ್ರತಿಮೆ ಇದೆ. ನಮ್ಮ ಅಂಕಿಗಳ ಲೆಕ್ಕದ ಕ್ರಮವನ್ನು ಅರಬ್ಬಿಯಲ್ಲಿ ವಿವರಿಸಿದವರು ಅವರು.

ಬೀದರ್‌ನವರಿಗಂತೂ ಖಿವಾದ ನೀಲಿ ಹೆಂಚು ಹೊಸದು ಅನ್ನಿಸುವುದಿಲ್ಲ. 1472ರ ಮಹಮದ್ ಗವಾನ್ ಮದರಸಾದ ಮಿನಾರಿನ ಮೇಲೆ ಉಳಿದಿರುವ ಹೆಂಚುಗಳನ್ನು ನೆನಪಿಸಿಕೊಳ್ಳಿ. ಅದೇ ಬಗೆಯ ಕೆಲಸ.

ವೀಸಾ ಕಷ್ಟವಾ?

ಭಾರತೀಯರಿಗೆ 2018ರಿಂದ ಇ-ವೀಸಾ ಇದೆ. ಒಂದು ಸಲ ಪ್ರವೇಶದ್ದಕ್ಕೆ 20 ಡಾಲರ್ ಶುಲ್ಕ ಇಟ್ಟಿದ್ದರು. ಹೊರಡುವ ಮುಂಚೆ ಸರ್ಕಾರದ ವೆಬ್‌ಸೈಟಿನಲ್ಲೇ ನೋಡಿ, ನಿಯಮ ಬದಲಾಗುತ್ತಿರುತ್ತದೆ. ಕರಕಲ್ಪಾಕಸ್ತಾನಕ್ಕೆ ಬೇರೆ ವೀಸಾ ಬೇಡ. ಹೋಟೆಲಿನವರು ನಿಮ್ಮ ಹೆಸರು ನೋಂದಣಿ ಮಾಡುತ್ತಾರೆ, ಕೊಟ್ಟ ಚೀಟಿ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಹೋಗುವುದು ಹೇಗೆ, ಎಷ್ಟು ದಿನ ಬೇಕು?

ದೆಹಲಿಯಿಂದ ತಾಷ್ಕೆಂಟ್‌ಗೆ ನೇರ ವಿಮಾನ, ಮೂರು ಗಂಟೆ. ತಾಷ್ಕೆಂಟ್‌ನಿಂದ ನುಕುಸ್‌ಗೆ ವಿಮಾನವೂ ಇದೆ, ರಾತ್ರಿ ರೈಲೂ ಇದೆ. ನನ್ನ ಸಲಹೆ ಹೀಗೆ: ಹೋಗುವಾಗ ಸಮರ್ಕಂದ್, ಬುಖಾರ, ಖಿವಾ ಅಂತ ರೈಲಿನಲ್ಲಿ ಹೋಗಿ, ಖಿವಾದಿಂದ ಕಾರಿನಲ್ಲಿ ನುಕುಸ್ ಸೇರಿ, ಬರುವಾಗ ನುಕುಸ್‌ನಿಂದ ತಾಷ್ಕೆಂಟ್‌ಗೆ ವಿಮಾನ ಹಿಡಿಯಿರಿ. ಬಂದ ದಾರಿಯಲ್ಲೇ ವಾಪಸ್ ಬರುವುದು ತಪ್ಪುತ್ತದೆ. ಕರಕಲ್ಪಾಕಸ್ತಾನಕ್ಕೇ ನಾಲ್ಕು ದಿನ. ಒಂದು ದಿನ ಕೋಟೆ ಮತ್ತು ದಾರಿ, ಒಂದು ದಿನ ನುಕುಸ್, ಎರಡು ದಿನ ಮೊಯ್ನಾಕ್ ಮತ್ತು ದಡ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮಾತ್ರ ಹಿಂದೆ.

ದೊಡ್ಡ ಖರ್ಚು ಜೀಪಿನದ್ದು. ನಾಲ್ಕು ಜನ ಸೇರಿದರೆ ಹಗುರ. ಒಬ್ಬರೇ ಹೋಗುತ್ತಿದ್ದರೆ ನುಕುಸ್‌ನ ಹೋಟೆಲಿನಲ್ಲಿ ಕೇಳಿ, ಜೊತೆಗೆ ಬರುವವರು ಸಿಗಬಹುದು. ಮೊಯ್ನಾಕ್‌ಗೆ ಹೊರಡುವ ಮುಂಚೆ ನುಕುಸ್‌ನಲ್ಲೇ ಅಲ್ಲಿನ ಹಣ, ಅಂದರೆ ಸೋಮ್ ನೋಟು ತೆಗೆದಿಟ್ಟುಕೊಳ್ಳಿ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್-ಮೇ, ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಚಳಿಗಾಲದಲ್ಲಿ ಸೊನ್ನೆಗಿಂತ ಎಷ್ಟೋ ಕೆಳಗೆ. ಸೆಪ್ಟೆಂಬರ್‌ನಲ್ಲಿ ಹೋದರೆ ಒಂದು ಲಾಭ ಜಾಸ್ತಿ: ರಸ್ತೆ ಪಕ್ಕ ರಾಶಿ ರಾಶಿ ಖರಬೂಜ. ಖ್ವಾರಿಜ್ಮ್ ಖರಬೂಜಕ್ಕೆ ಹಳೆಯ ಹೆಸರು. ಕೊಯ್ದರೆ ರಸ ಮೊಣಕೈವರೆಗೆ ಇಳಿಯುತ್ತದೆ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?

ಸ್ವಲ್ಪ ಕಷ್ಟ ಇದೆ, ಸುಳ್ಳು ಹೇಳುವುದಿಲ್ಲ. ಪಲಾವ್, ಶೂರ್ಪಾ ಅನ್ನುವ ಸಾರು, ಲಗ್ಮಾನ್ ಅನ್ನುವ ನೂಡಲ್ಸ್ ಎಲ್ಲದರಲ್ಲೂ ಮಾಂಸ. ಮಾಂಸ ತೆಗೆದುಹಾಕಿದರೂ ಅನ್ನ ಬೆಂದಿರುವುದು ಆ ಕೊಬ್ಬಿನಲ್ಲೇ. "ಗೋಷ್ಟ್‌ಸಿಜ್" ಅನ್ನುವ ಪದ ಬಾಯಿಪಾಠ ಮಾಡಿ, ಮಾಂಸ ಇಲ್ಲದೆ ಅಂತ ಅರ್ಥ. "ಸಬ್ಜಿ" ಅಂತ ಕೇಳಬೇಡಿ, ಅವರ ಭಾಷೆಯಲ್ಲಿ ಅದು ಕ್ಯಾರೆಟ್. ಟೊಮೆಟೊ-ಈರುಳ್ಳಿಯ ಅಚಿಚುಕ್, ಮೊಸರು, ಹಣ್ಣು, ಬಾದಾಮಿ, ಬಿಸಿ ಬ್ರೆಡ್ಡು ಎಲ್ಲ ಕಡೆ ಸಿಗುತ್ತದೆ. ಕುಂಬಳಕಾಯಿ ತುಂಬಿದ ಮಂಟಿ ಅನ್ನುವ ಕಡುಬು ಕಂಡರೆ ಕೊಬ್ಬು ಹಾಕಿದ್ದಾರಾ ಅಂತ ಕೇಳಿ ತಿನ್ನಿ. ಮೊಟ್ಟೆ ತಿನ್ನುವವರಿಗೆ ಖಿವಾದಲ್ಲಿ ತುಖುಮ್ ಬರಾಕ್ ಇದೆ. ತೆಳು ಹಿಟ್ಟಿನ ಚೀಲದೊಳಗೆ ಮೊಟ್ಟೆ ಸುರಿದು ಬೇಯಿಸಿದ್ದು, ತುಂಬಾ ಚೆನ್ನಾಗಿರುತ್ತದೆ. ದಡಕ್ಕೆ ಹೋಗುವ ದಿನಕ್ಕೆ ಅವಲಕ್ಕಿ, ಚಟ್ನಿಪುಡಿ, ಖಡಕ್ ರೊಟ್ಟಿ ಚೀಲದಲ್ಲಿರಲಿ. ನಮ್ಮ ಶೇಂಗಾ ಚಟ್ನಿಪುಡಿಯನ್ನು ಡ್ರೈವರ್ ಅಣ್ಣ ಬ್ರೆಡ್ಡಿಗೆ ಒತ್ತಿಕೊಂಡು ತಿಂದು, ಕೊನೆಗೆ ಪೊಟ್ಟಣವನ್ನೇ ಕೇಳಿ ತೆಗೆದುಕೊಂಡರು.

ಅವರ ಬ್ರೆಡ್ಡಿನ ಹೆಸರು ನೋನ್, ನಮ್ಮ ನಾನ್ ಅದೇ. ಅದನ್ನು ಬೋರಲು ಇಡಬಾರದು, ಅನ್ನಕ್ಕೆ ಕೊಡುವಷ್ಟೇ ಮರ್ಯಾದೆ ಕೊಡುತ್ತಾರೆ. ಚಹಾವನ್ನು ಅರ್ಧ ಬಟ್ಟಲು ಮಾತ್ರ ಹಾಕಿಕೊಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಮತ್ತೆ ಮತ್ತೆ ಹಾಕಿಕೊಡುತ್ತಾ ಕೂರಿಸಿಕೊಳ್ಳುವ ಉಪಚಾರ ಅದು.

ಭಾಷೆ ಬರದಿದ್ದರೆ?

ಇಂಗ್ಲಿಷ್ ನುಕುಸ್‌ನಲ್ಲಿ ಸ್ವಲ್ಪ, ಮೊಯ್ನಾಕ್‌ನಲ್ಲಿ ಇನ್ನೂ ಕಡಿಮೆ. ಆದರೆ ಎಷ್ಟೋ ಪದ ನಿಮಗೆ ಗೊತ್ತಿದೆ. ಬೊಜೊರ್ ಅಂದರೆ ಬಜಾರು, ಮೈದೊನ್ ಅಂದರೆ ಮೈದಾನ, ದೋಸ್ತ್ ಅಂದರೆ ದೋಸ್ತ್. ಹೊವುಜ್ ಅಂದರೆ ನೀರಿನ ಹೌಜು, ವಿಜಯಪುರದವರಿಗೆ ಅನುವಾದವೇ ಬೇಡ. ಥ್ಯಾಂಕ್ಸ್‌ಗೆ ರಹ್ಮತ್. ನೀರಿಗೆ ಸುವ್.

ಸುರಕ್ಷಿತವಾ? ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ನನಗೆ ಎಲ್ಲೂ ಭಯ ಆಗಲಿಲ್ಲ. 2022ರ ಜುಲೈನಲ್ಲಿ ಸಂವಿಧಾನ ಬದಲಾವಣೆಯ ವಿಷಯಕ್ಕೆ ನುಕುಸ್‌ನಲ್ಲಿ ದೊಡ್ಡ ಪ್ರತಿಭಟನೆ ಆಗಿ ಜನ ಸತ್ತಿದ್ದಾರೆ. ಆ ಮಾತನ್ನು ನೀವಾಗಿ ತೆಗೆಯಬೇಡಿ, ಉತ್ತರ ಕೊಡುವವರಿಗೆ ತೊಂದರೆ.

ಹಿರಿಯರಿಗೆ ನುಕುಸ್, ಮೊಯ್ನಾಕ್ ಆರಾಮ. ದಡದ ಜೀಪ್ ಪ್ರಯಾಣ ಸೊಂಟನೋವು ಇರುವವರಿಗೆ ಬೇಡ. ಉಬ್ಬಸ ಇರುವವರು ಇನ್‌ಹೇಲರ್ ಮತ್ತು ಮಾಸ್ಕ್ ಮರೆಯಬೇಡಿ. ಗಾಳಿ ಎದ್ದರೆ ಬರುವ ದೂಳಿನಲ್ಲಿ ಉಪ್ಪೂ ಇರುತ್ತದೆ, ಹಳೆಯ ಕೀಟನಾಶಕವೂ ಇರುತ್ತದೆ. ನಾವು ನಾಲ್ಕು ದಿನ ಇದ್ದು ಬರುವವರು, ದಿನಾ ಅದನ್ನೇ ಉಸಿರಾಡುವವರ ಎದೆ ಹಾಳಾಗಿದೆ. ಕೋಡೀನ್, ಟ್ರಾಮಡಾಲ್ ಇರುವ ನೋವಿನ ಮಾತ್ರೆಗಳ ಬಗ್ಗೆ ಅಲ್ಲಿನ ಕಾನೂನು ಬಿಗಿ. ಡಾಕ್ಟರ ಚೀಟಿ ಇಲ್ಲದೆ ಒಯ್ಯಬೇಡಿ.

ನೆನಪಿಗೆ ಏನು ತರಬಹುದು?

ನುಕುಸ್‌ನಲ್ಲಿ ಕರಕಲ್ಪಾಕ್ ಕಸೂತಿಯ ಸಣ್ಣ ಚೀಲ, ಯುರ್ತ್ ಪಟ್ಟಿಯ ನೇಯ್ಗೆ ಸಿಗುತ್ತದೆ. ಕೈಕೆಲಸದ್ದನ್ನೇ ನೋಡಿ ಕೊಳ್ಳಿ, ಹಿಂಬದಿ ತಿರುಗಿಸಿದರೆ ಗಂಟು ಕಾಣಿಸುತ್ತದೆ. ಅಮ್ಮನಿಗೆ ಒಂದು ಕೆಂಪು ಚೀಲ ತಂದೆ. ಅದರಲ್ಲಿ ಈಗ ಅಡಿಕೆ ಇರುತ್ತದೆ. ಮೊಯ್ನಾಕ್‌ನಲ್ಲಿ ಜೇಬಿಗೆ ಹಾಕಿಕೊಂಡಿದ್ದ ಕಪ್ಪೆಚಿಪ್ಪನ್ನು ಮಾತ್ರ ಹೊರಡುವ ಬೆಳಿಗ್ಗೆ ದಿಬ್ಬ ಇಳಿದು ಹೋಗಿ, ಸಿಕ್ಕಿದ ಹಡಗಿನ ಹತ್ತಿರವೇ ವಾಪಸ್ ಇಟ್ಟೆ.